ಮನೆಯ ಹಳೆಯ ಕಾರು ನಡುದಾರಿಯಲ್ಲಿ ನಿಂತಾಗ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಕೆಲವು ಹಿರಿಯ ಮನೆತನಗಳಲ್ಲಿ ಅಜ್ಜನ ಕಾಲದ ಅಂಬಾಸಡರ್ ಅಥವಾ ಫಿಯಟ್ ಕಾರು ಇಂದಿಗೂ ಉಳಿದುಕೊಂಡಿದೆ. ಮಗಳ ಲಗ್ನಕ್ಕೋ, ಕಲಬುರಗಿಯ ಶರಣಬಸವೇಶ್ವರರ ಜಾತ್ರೆಗೋ ಅದನ್ನು ಹೊರತೆಗೆಯುವುದು ಮನೆಮಂದಿಗೆಲ್ಲ ಅಭಿಮಾನದ ಸಂಗತಿ. ಆದರೆ ಊರು ದಾಟಿದ ಮೇಲೆ ಎಂಜಿನ್ ಕೆಮ್ಮಿ ನಿಂತುಬಿಟ್ಟರೆ ಸಂಭ್ರಮವೆಲ್ಲ ಸಂಕಟವಾಗುತ್ತದೆ. ಇಂತಹ ಪ್ರಸಂಗಗಳಲ್ಲಿ ಮೊದಲು ಪರೀಕ್ಷಿಸಬೇಕಾದ ಭಾಗಗಳಲ್ಲಿ ಪೆಟ್ರೋಲನ್ನು ಎತ್ತುವ ಚಿಕ್ಕ ಪಂಪೂ ಒಂದು.

ಮೆಕ್ಯಾನಿಕರು ಇದನ್ನು 'ಎ.ಸಿ. ಪಂಪ್' ಎನ್ನುತ್ತಾರೆ. ತಂಪು ಗಾಳಿಯ ಎ.ಸಿ.ಗೂ ಇದಕ್ಕೂ ಸಂಬಂಧವಿಲ್ಲ. ಅದು ಆಲ್ಬರ್ಟ್ ಚಾಂಪಿಯನ್ ಎಂಬ ತಯಾರಕನ ಹೆಸರಿನ ಮೊದಲಕ್ಷರಗಳು. ಟ್ಯಾಂಕು ಹಿಂದೆ ತಗ್ಗಿನಲ್ಲಿದ್ದು, ಕಾರ್ಬುರೇಟರ್ ಮುಂದೆ ಎತ್ತರದಲ್ಲಿರುವುದರಿಂದ ಪೆಟ್ರೋಲು ತಾನಾಗಿ ಹರಿಯದು. ಎಂಜಿನ್ ತಿರುಗಿದಂತೆ ಪಂಪಿನೊಳಗಿನ ರಬ್ಬರಿನ ಪೊರೆ ಕೆಳಮೇಲಾಗಿ, ಎರಡು ಕವಾಟಗಳ ಮೂಲಕ ಪೆಟ್ರೋಲನ್ನು ಸೆಳೆದು ಮುಂದೆ ದೂಡುತ್ತದೆ.

ದೋಷ ಪರೀಕ್ಷೆ

ಎಂಜಿನ್ ತಣ್ಣಗಾದ ಮೇಲೆ, ಬಯಲಿನಲ್ಲಿ, ಬೀಡಿ-ಸಿಗರೇಟುಗಳನ್ನು ದೂರವಿಟ್ಟು ಪರೀಕ್ಷಿಸತಕ್ಕದ್ದು. ಕಿಡಿ ಹಾರದಂತೆ ಕಾಯಿಲ್ ತಂತಿಯನ್ನು ಬಿಡಿಸಿ, ಕಾರ್ಬುರೇಟರಿಗೆ ಹೋಗುವ ನಳಿಗೆಯ ತುದಿಯನ್ನು ಬಾಟಲಿಗೆ ಹಿಡಿದು ಎಂಜಿನ್ ತಿರುಗಿಸಬೇಕು. ಪೆಟ್ರೋಲು ಬಿಟ್ಟುಬಿಟ್ಟು ಬಲವಾಗಿ ಚಿಮ್ಮಿದರೆ ಪಂಪು ಸರಿಯಾಗಿದೆ. ಬರದಿದ್ದರೆ ಜರಡಿಯ ಕಸ, ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ, ನಳಿಗೆಯ ಜೋಡಣೆಗಳನ್ನು ನೋಡಿಕೊಂಡು, ಅನಂತರವೇ ಪಂಪನ್ನು ಬಿಚ್ಚಬೇಕು. ಗುಳ್ಳೆಗಳು ಬಂದರೆ ಎಲ್ಲಿಯೋ ಗಾಳಿ ಸೇರುತ್ತಿದೆ ಎಂದರ್ಥ.

ಎಂಜಿನ್ ಆಯಿಲಿಗೆ ಪೆಟ್ರೋಲಿನ ವಾಸನೆ ಬಂದರೆ, ಅದರ ಮಟ್ಟ ಏರಿದ್ದರೆ, ಪೊರೆ ಹರಿದಿರಬಹುದೆಂದು ತಿಳಿಯಬೇಕು. ಆಗ ಕಾರನ್ನು ಓಡಿಸಲೇಬಾರದು. ಬೆಂಕಿಯ ಭಯವುಂಟು, ತೆಳುವಾದ ಆಯಿಲಿನಿಂದ ಎಂಜಿನ್ನೂ ಹಾಳಾಗುತ್ತದೆ.

ನಮ್ಮ ಭಾಗದ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯ. ಆಗ ಪೆಟ್ರೋಲು ನಳಿಗೆಯಲ್ಲೇ ಆವಿಯಾಗಿ ಪಂಪು ಸೆಳೆಯಲಾರದೆ ಹೋಗುತ್ತದೆ. ನೆರಳಿನಲ್ಲಿ ನಿಲ್ಲಿಸಿ, ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಅರ್ಧ ಗಂಟೆ ಕಾದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಎಥೆನಾಲಿನ ಪ್ರಭಾವ

ಭೀಮಾತೀರದ ಕಬ್ಬು ಬೆಳೆಗಾರರಿಗೆ ಎಥೆನಾಲ್ ಅಪರಿಚಿತವಲ್ಲ. 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಅದರ ಮಿಶ್ರಣ ಶೇಕಡಾ 20ನ್ನು ಮುಟ್ಟಿತು. ರೈತನಿಗೆ ಅನುಕೂಲವಾದ ಈ ಎಥೆನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಸಡಿಲಿಸುತ್ತದೆ. ನೀರನ್ನು ಹೀರಿಕೊಂಡು ತುಕ್ಕಿಗೂ ಎಡೆಮಾಡುತ್ತದೆ. ಆದುದರಿಂದ ಎಥೆನಾಲ್ ತಾಳುವ ಪೊರೆ, ಕವಾಟ, ರಬ್ಬರ್ ನಳಿಗೆಗಳನ್ನೇ ಕೇಳಿ ಹಾಕಿಸಬೇಕು. ಪಂಪು ಬಿಚ್ಚುವ ಮೊದಲು ಎರಡು ಹೋಳುಗಳ ಮೇಲೆ ಗುರುತಿನ ಗೀರು ಎಳೆಯಬೇಕು. ಎಂಜಿನ್ನಿಗೂ ಪಂಪಿಗೂ ನಡುವಣ ಪದರದ ದಪ್ಪ ಮೊದಲಿನಷ್ಟೇ ಇರಬೇಕು.

ಎರಡು ಅಪಾಯಗಳು

ಪಂಪು ಕೆಟ್ಟಾಗ ಪೆಟ್ರೋಲಿನ ಡಬ್ಬಿಯನ್ನು ಎತ್ತರದಲ್ಲಿ ಕಟ್ಟಿ ಊರು ಸೇರುವ ರೂಢಿಯುಂಟು. ಬಿಸಿ ಎಂಜಿನ್ನಿನ ಮೇಲೆ ಒಂದು ತೊಟ್ಟು ಬಿದ್ದರೂ ಕಾರಿನೊಳಗಿನ ಮಕ್ಕಳು-ಮರಿಗಳ ಗತಿಯೇನು? ನಳಿಗೆಗೆ ಬಾಯಿಟ್ಟು ಪೆಟ್ರೋಲು ಎಳೆಯುವುದೂ ಅಷ್ಟೇ ಘಾತಕ. ಅದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಮೆಕ್ಯಾನಿಕನ ಬಳಿಯಿರುವ ಎಳೆಯ ಹುಡುಗನಿಂದ ಇದನ್ನು ಮಾಡಿಸುವುದನ್ನು ಕಂಡರೆ ತಡೆಯುವುದು ನಮ್ಮ ಕರ್ತವ್ಯ.

ಹಿರಿಯರ ನೆನಪನ್ನು ಉಳಿಸಿಕೊಳ್ಳುವುದೆಂದರೆ ಕಾರಿಗೆ ಹೂಮಾಲೆ ಹಾಕುವುದಷ್ಟೇ ಅಲ್ಲ. ಹದಿನೈದು ದಿನಕ್ಕೊಮ್ಮೆ ಎಂಜಿನ್ ಚಾಲೂ ಮಾಡಿ, ಜಾತ್ರೆಗೆ ಮುನ್ನವೇ ಪಂಪನ್ನು ಪರೀಕ್ಷಿಸಿಡುವುದೂ ಒಂದು ಕಾಯಕವೇ. ಕಾಯಕದಲ್ಲಿ ಶರಣರು ಹಿರಿದು-ಕಿರಿದೆಂದು ಎಣಿಸಲಿಲ್ಲ. ಅಂಗೈಯಗಲದ ರಬ್ಬರಿನ ಪೊರೆಯನ್ನು ನಾವೂ ಕಡೆಗಣಿಸದಿರೋಣ.