ಲ್ಯಾಪ್‌ಟಾಪಿನ ಬ್ಯಾಟರಿ: ಕೊಳ್ಳುವ ಮುನ್ನ ಒಂದು ಗುಣಾಕಾರ

ಕಳೆದ ವರ್ಷ ಆಷಾಢದ ಗಾಳಿಮಳೆಗೆ ನಮ್ಮಲ್ಲಿ ಎರಡು ದಿನ ಕರೆಂಟು ಇರಲಿಲ್ಲ. ವಾರಾಹಿಯ 460 ಮೆಗಾವ್ಯಾಟ್ ವಿದ್ಯುದಾಗಾರ ನಮ್ಮ ಹೊಸಂಗಡಿಯಲ್ಲೇ ಇದ್ದರೇನು, ತಂತಿಯ ಮೇಲೆ ಮರ ಬಿದ್ದರೆ ಘಟ್ಟದ ಬುಡದವರಿಗೂ ಕತ್ತಲೆಯೇ. ಮನೆಯಲ್ಲಿದ್ದುಕೊಂಡೇ ಬೆಂಗಳೂರಿನ ಕೆಲಸ ಮಾಡುವ ಮಗನ ಲ್ಯಾಪ್‌ಟಾಪು ಮುಕ್ಕಾಲು ಗಂಟೆಗೆ ನಿಂತುಹೋಯಿತು. ಮಳೆ ಬಿಟ್ಟ ಮೇಲೆ ಪೇಟೆಗೆ ಹೋಗಿ ಹೊಸ ಬ್ಯಾಟರಿ ತಂದೆವು. ಹಳೆಯದರ ಮೇಲೆ 4400 ಎಂದಿತ್ತು, ಹೊಸದರ ಮೇಲೆ 5200. ಬೆಲೆಯೋ ಅಸಲಿಯ ಅರ್ಧ. ಲಾಭವೇ ಆಯಿತೆಂದುಕೊಂಡೆವು. ಅದು ಓಡಿದ್ದು ಒಂದೇ ಗಂಟೆ.

2020ರ ನಂತರ ನಮ್ಮ ಸದಸ್ಯರಲ್ಲಿ ಅನೇಕರ ಮನೆಗೆ ಲ್ಯಾಪ್‌ಟಾಪು ಬಂದಿದೆ. ಇನ್‌ವರ್ಟರು ಮೊದಲೇ ಇತ್ತು, ಔಷಧಿ ಹೊಡೆಯುವ ಬ್ಯಾಟರಿ ಪಂಪೂ ಇದೆ. ಈ ಮೂರಕ್ಕೂ ಲೆಕ್ಕ ಒಂದೇ ಆದುದರಿಂದ ಅದನ್ನು ಇಲ್ಲಿ ವಿವರಿಸುವುದು ಉಚಿತವೆಂದು ತೋರಿತು.

ಬ್ಯಾಟರಿಯ ಮೇಲೆ ಎರಡು ಸಂಖ್ಯೆಗಳಿರುತ್ತವೆ. ಒಂದು ವೋಲ್ಟ್, ಇನ್ನೊಂದು ಆಂಪಿಯರ್-ಅವರ್. ಸಣ್ಣ ಬ್ಯಾಟರಿಗಳಲ್ಲಿ ಎರಡನೆಯದನ್ನು ಮಿಲಿ ಆಂಪಿಯರ್-ಅವರ್ ಎಂದು ಬರೆಯುತ್ತಾರೆ. 1000 ಮಿಲಿ ಸೇರಿದರೆ ಒಂದು. ತೋಟಕ್ಕೆ ಗುಡ್ಡದ ಟ್ಯಾಂಕಿಯಿಂದ ನೀರು ಬಿಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಆಂಪಿಯರ್-ಅವರ್ ಎಂದರೆ ಟ್ಯಾಂಕಿಯಲ್ಲಿರುವ ನೀರು, ವೋಲ್ಟ್ ಎಂದರೆ ಟ್ಯಾಂಕಿ ಇರುವ ಎತ್ತರ. ನೀರೆಷ್ಟೇ ಇರಲಿ, ಎತ್ತರವಿಲ್ಲದಿದ್ದರೆ ಸ್ಪ್ರಿಂಕ್ಲರ್ ತಿರುಗದು. ಎರಡನ್ನೂ ಗುಣಿಸಿದಾಗ ಬರುವ ವ್ಯಾಟ್-ಅವರ್ ಎಂಬುದೇ ನಿಜವಾದ ಸಾಮರ್ಥ್ಯ.

11.4 ವೋಲ್ಟಿನ 4000 ಮಿಲಿಯ ಬ್ಯಾಟರಿಯಲ್ಲಿ 45.6 ವ್ಯಾಟ್-ಅವರ್ ಇದೆ. 7.6 ವೋಲ್ಟಿನ 5300 ಮಿಲಿಯದರಲ್ಲಿ ಬರಿಯ 40. ದೊಡ್ಡ ಸಂಖ್ಯೆ ಬರೆದದ್ದೇ ಸಣ್ಣದು! ಓದು ಬರಹಕ್ಕೆ ಲ್ಯಾಪ್‌ಟಾಪು ಸುಮಾರು 10ರಿಂದ 15 ವ್ಯಾಟ್ ತಿನ್ನುತ್ತದೆ, ವೀಡಿಯೋ ಸಭೆಗೆ 20ಕ್ಕೂ ಮೀರಬಹುದು. ಆದ್ದರಿಂದ 45 ವ್ಯಾಟ್-ಅವರ್ ಎಂದರೆ ಬರೆಯುವವರಿಗೆ ಮೂರು ನಾಲ್ಕು ಗಂಟೆ, ಸಭೆ ಮಾಡುವವರಿಗೆ ಎರಡು. ಬೆನ್ನಿಗೆ ಹಾಕುವ ಪಂಪಿನ 12 ವೋಲ್ಟ್, 8 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 96 ವ್ಯಾಟ್-ಅವರ್ ಇದೆ. 150ರ ಇನ್‌ವರ್ಟರಿನಲ್ಲಿ 1800.

ಇನ್ನು ಜಾತಿಯ ವಿಚಾರ. ಇನ್‌ವರ್ಟರಿನಲ್ಲೂ ಹಳೆಯ ಪಂಪುಗಳಲ್ಲೂ ಇರುವುದು ಸೀಸ ಮತ್ತು ಆಮ್ಲ. ಮೊದಲ ಕಾಲದ ಲ್ಯಾಪ್‌ಟಾಪುಗಳಲ್ಲಿ ನಿಕ್ಕಲ್ ಇತ್ತು. 1991ರಲ್ಲಿ ಸೋನಿ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಅದರ ಮೂಲ ಸಂಶೋಧನೆಗೆ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೋ ಎಂಬ ಮೂವರಿಗೆ 2019ರ ನೊಬೆಲ್ ಪಾರಿತೋಷಕ ದೊರೆಯಿತು. ಒಂದು ಕಿಲೋ ಸೀಸದ ಬ್ಯಾಟರಿ 30-40 ವ್ಯಾಟ್-ಅವರ್ ಹಿಡಿದರೆ ಲಿಥಿಯಂ 150ಕ್ಕೂ ಮೇಲೆ ಹಿಡಿಯುತ್ತದೆ. ದಪ್ಪ ಲ್ಯಾಪ್‌ಟಾಪಿನಲ್ಲಿ ಬೆರಳುಗಾತ್ರದ ಕೋಶಗಳು, ತೆಳ್ಳನೆಯದರಲ್ಲಿ ಚಪ್ಪಟೆ ಚೀಲದಂತಹವು. ಎರಡರ ಒಳಗೂ ಲಿಥಿಯಮ್ಮೇ.

ನಮ್ಮವರು ಎಡವುವುದು ಉಪಚಾರದಲ್ಲಿ. ಸೀಸಕ್ಕೂ ಲಿಥಿಯಮ್ಮಿಗೂ ಸ್ವಭಾವ ತದ್ವಿರುದ್ಧ. ಸೀಸದ ಬ್ಯಾಟರಿ ಸದಾ ತುಂಬಿರಬೇಕು. ಖಾಲಿ ಬಿಟ್ಟರೆ ಒಳಗಿನ ತಗಡುಗಳ ಮೇಲೆ ಗಟ್ಟಿ ಪದರ ಕಟ್ಟಿ ಸಾಯುತ್ತದೆ. ಕೊಳೆರೋಗದ ಔಷಧಿ ಮುಗಿಸಿ ಪಂಪನ್ನು ಹಾಗೆಯೇ ಕೊಟ್ಟಿಗೆಯ ಮೂಲೆಗಿಟ್ಟು, ಮುಂದಿನ ಮಳೆಗಾಲಕ್ಕೆ ತೆಗೆದಾಗ ಅದು ಏಳದಿರುವುದು ಇದೇ ಕಾರಣದಿಂದ. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಚಾರ್ಜು ಮಾಡಿದರೆ ಉಳಿಯುತ್ತದೆ. ಲಿಥಿಯಮ್ಮಿಗಾದರೋ ಪೂರ್ತಿ ತುಂಬಿ ಬಹುಕಾಲ ಇರುವುದೂ ಆಗದು, ಪೂರ್ತಿ ಬರಿದಾಗುವುದೂ ಆಗದು. ತಿಂಗಳುಗಟ್ಟಲೆ ಇಡುವುದಾದರೆ ಅರ್ಧಕ್ಕೆ ನಿಲ್ಲಿಸಿ ಇಡಿ. ದಿನಬಳಕೆಯಲ್ಲಿ 20ರಿಂದ 80 ಶೇಕಡಾ ನಡುವೆ ಇದ್ದರೆ ಆಯುಷ್ಯ ಹೆಚ್ಚು. "ಪೂರ್ತಿ ಇಳಿಸಿಯೇ ಚಾರ್ಜು ಮಾಡಬೇಕು" ಎಂಬ ಮಾತು ನಿಕ್ಕಲ್ ಕಾಲದ್ದು, ಈಗ ಅದರಿಂದ ಹಾನಿಯೇ. ಸೆಖೆ ಇದರ ದೊಡ್ಡ ಶತ್ರು. ಹಂಚಿನಡಿಯ ಅಟ್ಟ, ಬಿಸಿಲಿಗೆ ನಿಲ್ಲಿಸಿದ ಕಾರು, ಹಾಸಿಗೆಯ ಮೇಲಿಟ್ಟು ಚಾರ್ಜು ಮಾಡುವುದು, ಮೂರೂ ಬೇಡ.

ಚೆನ್ನಾಗಿ ನೋಡಿಕೊಂಡರೂ ಸುಮಾರು 500 ಸಲ ಪೂರ್ತಿ ತುಂಬಿ ಬರಿದಾದ ಮೇಲೆ ಸಾಮರ್ಥ್ಯ 80 ಶೇಕಡಾಕ್ಕೆ ಇಳಿದಿರುತ್ತದೆ. ವಿಂಡೋಸ್ ಯಂತ್ರದಲ್ಲಿ ಬ್ಯಾಟರಿ ರಿಪೋರ್ಟ್ ಎಂಬ ವರದಿ ಸಿಗುತ್ತದೆ. ಮಕ್ಕಳಿಗೆ ಹೇಳಿದರೆ ತೆಗೆದುಕೊಡುತ್ತಾರೆ. ಅದರಲ್ಲಿ ಹುಟ್ಟುವಾಗಿನ ಸಾಮರ್ಥ್ಯವೂ ಈಗಿನ ಸಾಮರ್ಥ್ಯವೂ ಪಕ್ಕಪಕ್ಕದಲ್ಲಿರುತ್ತವೆ. ಈಗಿನದು ಅರ್ಧಕ್ಕಿಂತ ಕೆಳಗಿದ್ದರೆ ಬದಲಿಸುವುದು ಲೇಸು. ಬ್ಯಾಟರಿ ಉಬ್ಬಿದ್ದರಂತೂ ವರದಿ ನೋಡುವುದೇ ಬೇಡ. ಕೂಡಲೇ ಚಾರ್ಜು ನಿಲ್ಲಿಸಬೇಕು. ಚುಚ್ಚಬಾರದು, ಒತ್ತಬಾರದು, ಬೆಂಕಿ ಹತ್ತೀತು.

ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ. ವೋಲ್ಟ್ ಸರಿಹೊಂದಬೇಕು, 10.8 ಮತ್ತು 11.1 ಎಂಬುವು ಮೂರು ಕೋಶಗಳ ಸಾಲನ್ನೇ ಎರಡು ಬಗೆಯಲ್ಲಿ ಬರೆದದ್ದು, ಗಾಬರಿ ಬೇಡ. ಆದರೆ 14.8 ಬೇರೆಯೇ. ಭಾರತೀಯ ಮಾನಕದ ಐಎಸ್ 16046 ಗುರುತು ಇದೆಯೇ ನೋಡಿ. ಇನ್ನೊಂದು ಉಪಾಯ ನಮ್ಮದೇ: ತಕ್ಕಡಿ. ಬೆರಳುಗಾತ್ರದ ಒಂದು ಕೋಶ ಸುಮಾರು 45 ಗ್ರಾಂ ತೂಗುತ್ತದೆ, ಆರು ಕೋಶಗಳ ಬ್ಯಾಟರಿ ಕವಚ ಸೇರಿ 300 ಗ್ರಾಮಿನ ಆಸುಪಾಸು ಇರಲೇಬೇಕು. ನಾವು ತಂದ 5200ರದ್ದನ್ನು ದಿನಸಿ ಅಂಗಡಿಯಲ್ಲಿ ತೂಗಿ ನೋಡಿದಾಗ 190 ಗ್ರಾಂ ಬಂತು. ಅಷ್ಟು ಹೊತ್ತಿಗೆ ಹಣ ಕೊಟ್ಟಾಗಿತ್ತು.

ಹಳೆಯ ಬ್ಯಾಟರಿಯನ್ನು ಗೊಬ್ಬರದ ಗುಂಡಿಗೆ ಎಸೆಯದಿರಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ಹಿಂದಕ್ಕೆ ಪಡೆದು ವಿಲೇವಾರಿ ಮಾಡುವ ಹೊಣೆ ತಯಾರಕರದು. ಹೊಸದನ್ನು ಕೊಳ್ಳುವ ಅಂಗಡಿಯಲ್ಲೇ ಕೇಳಿ.