ಈ ಸೇತುವೆಗೆ ದುಡ್ಡು ಹಾಕಿದ್ದು ಯಾರು?

ಡೊಂಬಿವಲಿ ಸ್ಟೇಷನ್. ಬೆಳಗ್ಗೆ ಎಂಟು ಗಂಟೆ.
ಹಿಂದಿನವರ ಬ್ಯಾಗು ನಿಮ್ಮ ಬೆನ್ನಿಗೆ ಒತ್ತುತ್ತಿದೆ.
ನೀವು ನಿಂತಿರೋ ಸೇತುವೆಗೆ ದುಡ್ಡು ಹಾಕಿದ್ದು ಯಾರು, ಗೊತ್ತಾ?

ಹಳಿ ದಾಟಿಸೋ ಸೇತುವೆ ರೈಲ್ವೆಯದ್ದು.
ಪಕ್ಕದ ಕಲ್ಯಾಣದಲ್ಲಿ ಸ್ಟೇಷನ್ ಹೊರಗಿನ ಸ್ಕೈವಾಕ್ ಕಟ್ಟಿಸಿದ್ದು ಮುಂಬೈ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ, ಅಂದ್ರೆ ಎಂಎಂಆರ್‌ಡಿಎ.
ಅದನ್ನ ನೋಡ್ಕೊಳ್ಳೋದು ಮಹಾನಗರಪಾಲಿಕೆ.

ಮೂವರು ಅಣ್ಣತಮ್ಮಂದಿರು, ಒಂದೇ ಮನೆ.
ಸೂರು ಸೋರಿದ್ರೆ ಹಂಚು ಬದಲಿಸೋದು ಯಾರು?

2017, ಸೆಪ್ಟೆಂಬರ್ 29.
ಎಲ್ಫಿನ್‌ಸ್ಟನ್ ರೋಡ್, ಮುಂಬೈನ ಸ್ಟೇಷನ್. ಅಲ್ಲಿನ ಸೇತುವೆ ಮೆಟ್ಟಿಲ ಮೇಲೆ ಕಾಲ್ತುಳಿತ.
23 ಜೀವ ಹೋದವು.

ಆಮೇಲೆ ಹೊಸ ಸೇತುವೆ ಕಟ್ಟೋಕೆ ಸೇನೆ ಬಂತು.
2018ರ ಫೆಬ್ರವರಿಗೆ ಮೂರು ಸೇತುವೆ ಸಿದ್ಧ!
ಅದರಲ್ಲಿ ಒಂದು, ಕಲ್ಯಾಣದ ಪಕ್ಕದ ಆಂಬಿವಲಿಯಲ್ಲಿ.

ಮನಸ್ಸು ಮಾಡಿದ್ರೆ ತಿಂಗಳುಗಳಲ್ಲೇ ಆಗುತ್ತೆ.
ದುಡ್ಡು ನಮ್ಮದೇ. ನಮ್ಮ ಟಿಕೆಟ್, ನಮ್ಮ ತೆರಿಗೆ.
ಪಾಲಿಕೆ ಬಜೆಟ್ ಬಂದಾಗ ಕೇಳಿ:
ನಡೆಯೋರಿಗೆ ಎಷ್ಟು ಇಟ್ಟಿದ್ದೀರಿ?