ಗುರಿ ದೊಡ್ಡದೋ, ಕಾವಲು ದೊಡ್ಡದೋ?

ಆಟ ಅಂಗಳದಲ್ಲಿ ಮುಗಿಯುತ್ತದೆ, ಅರಳಿಕಟ್ಟೆ ಮೇಲೆ ಮುಗಿಯುವುದಿಲ್ಲ. ನಮ್ಮ ಮಡಕಶಿರಾ ಸೀಮೆಯಲ್ಲಿ ಜಾತ್ರೆಗೆ ಕಬಡ್ಡಿ ಪಂದ್ಯ ಇಟ್ಟರೆ ಗೆದ್ದ ಊರಿನವರು ಒಂದು ದಿನ ಮಾತಾಡ್ತಾರೆ, ಸೋತ ಊರಿನವರು ಒಂದು ವರ್ಷ ಮಾತಾಡ್ತಾರೆ. ರೈಡಿಗೆ ಹೋಗೋನು ಸರಿಯಿಲ್ಲ ಅಂತ ಒಬ್ಬ, ಹಿಡಿಯೋರು ಸರಿಯಿಲ್ಲ ಅಂತ ಇನ್ನೊಬ್ಬ, ಹೊರಗೆ ಕೂರಿಸಿದ್ದ ಹುಡುಗನನ್ನ ಇಳಿಸಬೇಕಿತ್ತು ಅಂತ ಮತ್ತೊಬ್ಬ. ಅರ್ಧ ಜಗಳ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ.

ಇದೇ ಮೂರು ಮಾತನ್ನು ಅಮೆರಿಕದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ನೋಡುವ ಜನವೂ ಆಡುತ್ತಾರೆ. ಗುರಿ ಸರಿಯಿಲ್ಲ, ಕಾವಲು ಸರಿಯಿಲ್ಲ, ಬೆಂಚಿನಲ್ಲಿ ದಮ್ಮಿಲ್ಲ. ಈ ಮೂರು ವಾದವೂ ಒಂದೇ ತಂಡದ ಮೇಲೆ, ಒಂದೇ ರಾತ್ರಿಯಲ್ಲಿ ಬಂದು ಬಿದ್ದ ಕಥೆ ಒಂದಿದೆ. ನನ್ನ ತಮ್ಮನ ಮಗ ಆಗ ಅಲ್ಲೇ ಓದುತ್ತಿದ್ದ. ಫೋನಿನಲ್ಲಿ ಅವನು ಹೇಳಿದ್ದು ಅರ್ಧ, ಆಮೇಲೆ ನಾನೇ ಕುತೂಹಲದಿಂದ ಕೇಳಿ ಓದಿ ತಿಳಿದದ್ದು ಅರ್ಧ. ನಮ್ಮ ಹುಡುಗರಿಗೂ ಇದರಲ್ಲಿ ಒಂದು ಪಾಠ ಇದೆ ಅನ್ನಿಸಿ ಬರೆಯುತ್ತಿದ್ದೇನೆ.

ಆಟದ ಲೆಕ್ಕ

ಗೊತ್ತಿಲ್ಲದವರಿಗೆ ಎರಡು ಮಾತು. 1891ರಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬ ಊರಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟರು ಚಳಿಗಾಲದಲ್ಲಿ ಹುಡುಗರನ್ನು ಒಳಾಂಗಣದಲ್ಲೇ ಆಡಿಸಲು ಹಣ್ಣಿನ ಬುಟ್ಟಿ ಕಟ್ಟಿ ಹುಟ್ಟಿಸಿದ ಆಟ ಇದು. ಬುಟ್ಟಿ ಹೋಗಿ ಕಬ್ಬಿಣದ ಬಳೆ ಬಂತು, ಎತ್ತರ ಮಾತ್ರ ಆಗಿನ 10 ಅಡಿಯೇ ಉಳಿಯಿತು. ಒಂದು ಕಡೆ ಐದು ಜನ. ಹತ್ತಿರದಿಂದ ಚೆಂಡು ಹಾಕಿದರೆ 2 ಅಂಕ, ಗೆರೆಯ ಆಚೆಯಿಂದ ಹಾಕಿದರೆ 3. ಎದುರಾಳಿ ತಪ್ಪು ಮಾಡಿದರೆ ಯಾರೂ ಅಡ್ಡ ಬರದೆ ಹಾಕುವ ಫ್ರೀ ಥ್ರೋಗೆ 1. ಕಾಲೇಜು ಗಂಡುಹುಡುಗರ ಪಂದ್ಯ 20 ನಿಮಿಷದ ಎರಡು ಅರ್ಧ. ಚೆಂಡು ಕೈಗೆ ಬಂದ 30 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕು.

ಪ್ರತಿ ಮಾರ್ಚ್ ತಿಂಗಳಲ್ಲಿ ದೇಶದ ದೊಡ್ಡ ಪಂದ್ಯಾವಳಿ. ನಾಲ್ಕು ಭಾಗ ಮಾಡಿ, ಒಂದೊಂದು ಭಾಗದಲ್ಲೂ 1ರಿಂದ 16ರವರೆಗೆ ಶ್ರೇಯಾಂಕ ಕೊಡುತ್ತಾರೆ. ಮೊದಲ ಸುತ್ತಿನಲ್ಲಿ 1ನೆಯವನಿಗೆ 16ನೆಯವನೇ ಎದುರಾಳಿ. ಸೋತವನು ಅವತ್ತೇ ಮನೆಗೆ. ಎರಡನೇ ಅವಕಾಶ ಅಂತ ಒಂದಿಲ್ಲ. ಅದಕ್ಕೇ ಅಲ್ಲಿನ ಜನ ಅಷ್ಟು ಹುಚ್ಚಾಗಿ ನೋಡೋದು.

ಆ ಮಾರ್ಚ್ ರಾತ್ರಿ

2018ರಲ್ಲಿ ಇಡೀ ದೇಶಕ್ಕೆ ಮೊದಲ ಶ್ರೇಯಾಂಕ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡಕ್ಕೆ. ಥಾಮಸ್ ಜೆಫರ್ಸನ್ 1819ರಲ್ಲಿ ಕಟ್ಟಿದ ಹಳೇ ಸಂಸ್ಥೆ. ಆ ವರ್ಷ 31 ಪಂದ್ಯ ಗೆದ್ದು ಎರಡೇ ಸೋತಿತ್ತು. ಕೋಚ್ ಟೋನಿ ಬೆನೆಟ್. ಅವರ ತಂದೆ ಡಿಕ್ ಬೆನೆಟ್ ಕೂಡ ಕೋಚ್ ಆಗಿದ್ದವರು, 'ಪ್ಯಾಕ್ ಲೈನ್' ಅನ್ನುವ ಕಾವಲಿನ ಪದ್ಧತಿ ಅವರದೇ. ಒಬ್ಬ ಚೆಂಡು ಹಿಡಿದವನ ಮೈಮೇಲೆ ಹೋಗುತ್ತಾನೆ, ಉಳಿದ ನಾಲ್ವರು ಬುಟ್ಟಿಯ ಸುತ್ತ ಒಂದು ಕಾಣದ ಗೆರೆಯೊಳಗೆ ಒತ್ತಾಗಿ ನಿಲ್ಲುತ್ತಾರೆ. ಒಳಗೆ ನುಗ್ಗಲು ಸಂದಿಯೇ ಇಲ್ಲ. ದೂರದಿಂದ ಎಸೀತೀಯಾ, ಎಸಿ ನೋಡೋಣ ಅನ್ನೋ ಲೆಕ್ಕ. ಅದರಿಂದ ಆ ವರ್ಷ ಎದುರಾಳಿಗಳಿಗೆ ಸರಾಸರಿ 53 ಚಿಲ್ಲರೆ ಅಂಕ ಮಾತ್ರ ದಕ್ಕುತ್ತಿತ್ತು. ದೇಶದಲ್ಲೇ ಅಷ್ಟು ಜಿಪುಣ ತಂಡ ಇನ್ನೊಂದಿರಲಿಲ್ಲ.

ಎದುರು ನಿಂತದ್ದು ಬಾಲ್ಟಿಮೋರ್ ಅಂಚಿನ ಯು.ಎಂ.ಬಿ.ಸಿ. ನಮ್ಮ ಹುಡುಗ ಓದುತ್ತಿದ್ದದ್ದು ಅಲ್ಲೇ. ಆ ಕಾಲೇಜಿಗೆ ಹೆಸರು ಬಂದಿದ್ದದ್ದು ಚದುರಂಗದಿಂದ, ಬ್ಯಾಸ್ಕೆಟ್‌ಬಾಲಿನಿಂದಲ್ಲ. ಅದೇ ಜನವರಿಯಲ್ಲಿ ಆಲ್ಬನಿ ಎಂಬ ತಂಡದ ಎದುರು 44 ಅಂಕಗಳಿಂದ ಸೋತು ಬಂದಿತ್ತು. 1985ರಿಂದ ಅಲ್ಲಿವರೆಗೆ ಗಂಡುಹುಡುಗರ ಪಂದ್ಯಾವಳಿಯಲ್ಲಿ 1ನೇ ಶ್ರೇಯಾಂಕದವರು 16ನೆಯವರನ್ನು 135 ಸಲ ಎದುರಿಸಿ 135 ಸಲವೂ ಗೆದ್ದಿದ್ದರು. ಹೆಣ್ಣುಮಕ್ಕಳಲ್ಲಿ ಮಾತ್ರ 1998ರಲ್ಲಿ ಒಮ್ಮೆ ಹಾರ್ವರ್ಡ್ ಹುಡುಗಿಯರು ಸ್ಟ್ಯಾನ್‌ಫರ್ಡನ್ನು ಕೆಡವಿದ್ದರು.

ಮಾರ್ಚ್ 16, ಷಾರ್ಲೆಟ್ ನಗರ. ಮೊದಲರ್ಧ ಮುಗಿದಾಗ 21–21. ಸರಿ, ಇನ್ನೇನು ದೊಡ್ಡವರು ಎದ್ದೇಳ್ತಾರೆ ಅಂದುಕೊಂಡರು ಎಲ್ಲ. ಎದ್ದದ್ದು ಸಣ್ಣವರು. ಎರಡನೇ ಅರ್ಧವೊಂದರಲ್ಲೇ ಯು.ಎಂ.ಬಿ.ಸಿ. 53 ಅಂಕ ಹೊಡೆಯಿತು. ಅಂದರೆ ವರ್ಜೀನಿಯಾ ಒಂದು ಪೂರ್ತಿ ಪಂದ್ಯಕ್ಕೆ ಬಿಟ್ಟುಕೊಡುತ್ತಿದ್ದದ್ದನ್ನ ಅರ್ಧ ಪಂದ್ಯದಲ್ಲಿ ಕಿತ್ತುಕೊಂಡರು. ಜೈರಸ್ ಲೈಲ್ಸ್ ಎಂಬ ಹುಡುಗನದೇ 28 ಅಂಕ. ಕೊನೆಗೆ 74–54. ಅಂಚಿನಲ್ಲಿ ಜಾರಿ ಸೋತದ್ದಲ್ಲ, 20 ಅಂಕದ ಸೋಲು.

ಮೂರು ಗುಂಪು, ಮೂರು ವಾದ

ಅವತ್ತಿನಿಂದ ವರ್ಜೀನಿಯಾ ಅಭಿಮಾನಿಗಳು ಮೂರು ಗುಂಪಾದರು.

ಮೊದಲ ಗುಂಪು: ಗುರಿ ಕೆಟ್ಟಿತು, ಅಷ್ಟೇ. ಗೆರೆಯಾಚೆಯಿಂದ ವರ್ಜೀನಿಯಾ ಎಸೆದದ್ದು 22, ಬಿದ್ದದ್ದು 4. ಎದುರಾಳಿಗಳು ಎಸೆದದ್ದು 24, ಬಿದ್ದದ್ದು 12. ಇದಕ್ಕಿಂತ ಸಾಕ್ಷಿ ಬೇಕೇ ಅಂದರು. ಆದರೆ ಲೆಕ್ಕ ಹಾಕಿ ನೋಡಿ. ಹತ್ತಕ್ಕೆ ನಾಲ್ಕು ಬೀಳುವ ಒಳ್ಳೇ ಗುರಿಯೇ ಅವತ್ತು ಇದ್ದಿದ್ದರೂ 22ಕ್ಕೆ ಒಂಬತ್ತು ಬೀಳುತ್ತಿತ್ತು. ಐದು ಹೆಚ್ಚು, ಅಂದರೆ 15 ಅಂಕ. ಸೋತದ್ದು 20ರಲ್ಲಿ. ಇನ್ನೂ ಐದು ಸಾಲದು. ಗುರಿಯೊಂದನ್ನೇ ದೂರಿದರೆ ಲೆಕ್ಕ ಕೂಡಿ ಬರೋದಿಲ್ಲ.

ಎರಡನೇ ಗುಂಪು: ಈ ಕಾವಲಿನ ಆಟವೇ ತಪ್ಪು. ಕೊಟ್ಟ 30 ಸೆಕೆಂಡನ್ನೂ ಜಗಿದು ಜಗಿದು ಆಡುತ್ತಾರೆ, ಎದುರಾಳಿಯನ್ನೂ ಹಾಗೇ ಎಳೀತಾರೆ. ಮುಂದಿದ್ದಾಗ ಇದು ಚಂದ. ಹಿಂದೆ ಬಿದ್ದರೆ ಬೇಗ ಅಂಕ ಮಾಡೋ ದಾರಿಯೇ ಗೊತ್ತಿಲ್ಲ. ಜೊತೆಗೆ ಆಟ ನಿಧಾನವಾದಷ್ಟೂ ಸರದಿ ಕಡಿಮೆ, ಸರದಿ ಕಡಿಮೆಯಾದಷ್ಟೂ ಬಡ ತಂಡಕ್ಕೆ ಅದೃಷ್ಟ ಹೆಚ್ಚು. ಈ ಮಾತಿನಲ್ಲಿ ತೂಕವಿದೆ. ಹತ್ತು ಸಲ ನಾಣ್ಯ ಚಿಮ್ಮಿದರೆ ಏನು ಬೇಕಾದರೂ ಆಗಬಹುದು, ನೂರು ಸಲ ಚಿಮ್ಮಿದರೆ ಹಾಗಾಗೋದಿಲ್ಲ. ಆದರೆ ಇದೇ ಕಾವಲು ತಾನೇ 31 ಪಂದ್ಯ ಗೆಲ್ಲಿಸಿದ್ದು?

ಮೂರನೇ ಗುಂಪು: ಬೆಂಚು ನೋಡ್ರಪ್ಪಾ ಅಂದರು. ಡಿಆಂಡ್ರೆ ಹಂಟರ್ ಎಂಬ ಉದ್ದನೆಯ ಹುಡುಗ ಬೆಂಚಿನಿಂದ ಇಳಿದು ಆಡುತ್ತಿದ್ದವನು. ಅವರ ಲೀಗಿನಲ್ಲಿ ಬೆಂಚಿನಿಂದ ಬರುವವರಲ್ಲೇ ಶ್ರೇಷ್ಠ ಅಂತ ಆ ವರ್ಷ ಪ್ರಶಸ್ತಿ ಪಡೆದವನು. ಪಂದ್ಯಕ್ಕೆ ಮೂರು ದಿನ ಇರುವಾಗ ಅವನ ಮಣಿಕಟ್ಟು ಮುರಿದದ್ದು ಗೊತ್ತಾಯಿತು. ಅವನ ಲೆಕ್ಕದಲ್ಲಿ ಸರಾಸರಿ 9 ಅಂಕ ಅಷ್ಟೇ. ಆದರೆ ಕುಳ್ಳನ ಹಿಂದೆಯೂ ಓಡಬಲ್ಲ, ಉದ್ದನೆಯವನನ್ನೂ ತಡೆಯಬಲ್ಲ ಆಳು ಅವನೊಬ್ಬನೇ. ಯು.ಎಂ.ಬಿ.ಸಿ. ಹುಡುಗರು ಸಣ್ಣ ಆಳುಗಳು. ಅಂಗಳದ ತುಂಬ ಹರಡಿಕೊಂಡು ಒಬ್ಬ ನುಗ್ಗೋದು, ಕಾವಲಿನವರು ಒಳಗೆ ಸೇರಿದ ಕೂಡಲೇ ಚೆಂಡನ್ನು ಹೊರಗಿದ್ದವನಿಗೆ ಎಸೆಯೋದು. ಅದಕ್ಕೆ ಮದ್ದು ಹಂಟರ್ ಆಗಿದ್ದ. ಮದ್ದು ಪಟ್ಟಿ ಕಟ್ಟಿಕೊಂಡು ಕೂತಿತ್ತು.

ಬಿದ್ದವನಿಗೆ ಆಳಿಗೊಂದು ಕಲ್ಲು

ವಾದ ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ನಿಲ್ಲಲಿಲ್ಲ. ಕೈಲ್ ಗೈ ಎಂಬ ಹುಡುಗ, ತಂಡದ ಒಳ್ಳೇ ಗುರಿಕಾರ, ಇಪ್ಪತ್ತರ ಪ್ರಾಯ. ಅವನಿಗೆ ಕೊಲೆ ಬೆದರಿಕೆಗಳೇ ಬಂದವು. ತನಗೆ ಮನಸ್ಸಿನ ಕಳವಳದ ಕಾಯಿಲೆ ಇದೆ, ಔಷಧಿ ತಗೊಳ್ತಾ ಇದೀನಿ ಅಂತ ಆಮೇಲೆ ಅವನೇ ಬಹಿರಂಗವಾಗಿ ಬರೆದುಕೊಂಡ. ಅಂಥ ಮಾತು ಹೇಳಿಕೊಳ್ಳೋದಕ್ಕೆ ಬುಟ್ಟಿಗೆ ಚೆಂಡು ಹಾಕೋದಕ್ಕಿಂತ ಹೆಚ್ಚು ಧೈರ್ಯ ಬೇಕು.

ಒಂದು ವಿಷಯ ನೆನಪಿಡಬೇಕು. ಆಗ ಈ ಹುಡುಗರಿಗೆ ಸಂಬಳ ಇರಲಿಲ್ಲ. ಓದಿನ ಖರ್ಚು, ಊಟ, ವಸತಿ ಅಷ್ಟೇ. ತಮ್ಮ ಹೆಸರಿನಿಂದ ದುಡಿಯಲು ಅವಕಾಶ ಸಿಕ್ಕಿದ್ದೇ 2021ರಲ್ಲಿ. ಕೂಲಿ ಕೊಡದೆ ದುಡಿಸಿಕೊಂಡು, ಮಳೆ ಬರಲಿಲ್ಲ ಅಂತ ಆಳನ್ನು ಬೈದಂಗೆ ಆಯ್ತು ಇದು. ಕೋಚ್ ಬೆನೆಟ್ ಮಾತ್ರ ಯಾರನ್ನೂ ದೂರಲಿಲ್ಲ. ಗಾಯದ ನೆವವನ್ನೂ ಹಿಡಿಯಲಿಲ್ಲ. ಅವರು ನಮಗಿಂತ ಚೆನ್ನಾಗಿ ಆಡಿದರು ಅಂತ ಒಪ್ಪಿಕೊಂಡು ಎದ್ದರು.

ಕೈಲ್ ಗೈ ಏನು ಮಾಡಿದ ಗೊತ್ತೇ? ತಾನು ತಲೆ ಬಗ್ಗಿಸಿ ನಿಂತಿರುವ, ಹಿಂದೆ ಎದುರಾಳಿಗಳು ಕುಣಿಯುತ್ತಿರುವ ಫೋಟೋವನ್ನೇ ತನ್ನ ಫೋನಿನ ಮೇಲೆ ಹಾಕಿಕೊಂಡ. ತೆಲುಗಿನಲ್ಲಿ ಸೋಲಿಗೆ 'ಓಟಮಿ' ಅಂತಾರೆ. ಕನ್ನಡದ ಕಿವಿಗೆ ಅದರೊಳಗೆ 'ಓಟ' ಕೇಳಿಸುತ್ತೆ. ಆ ಹುಡುಗ ಅವತ್ತಿಂದ ಓಡೋಕೆ ಶುರು ಮಾಡಿದ ಅನ್ನಬಹುದು.

ಮರುವರ್ಷ

2019. ಮತ್ತೆ 1ನೇ ಶ್ರೇಯಾಂಕ, ಮತ್ತೆ 16ನೆಯವರ ಎದುರು ಮೊದಲ ಪಂದ್ಯ. ಗಾರ್ಡ್ನರ್ ವೆಬ್ ಎಂಬ ಸಣ್ಣ ಕಾಲೇಜು ಮೊದಲರ್ಧದಲ್ಲಿ 14 ಅಂಕ ಮುಂದೆ ಹೋಯಿತು. ನೋಡುವವರ ಎದೆ ಹೇಗಿದ್ದಿರಬೇಕು ಯೋಚಿಸಿ. ಈ ಸಲ ಹುಡುಗರು ಗಾಬರಿಯಾಗಲಿಲ್ಲ. 71–56ರಲ್ಲಿ ಗೆದ್ದರು.

ಆಮೇಲೆ ಪರ್ಡ್ಯೂ ವಿರುದ್ಧ. ಎದುರಾಳಿ ಕಾರ್ಸನ್ ಎಡ್ವರ್ಡ್ಸ್ ಒಬ್ಬನೇ 42 ಅಂಕ ಹೊಡೆದ. ಗಂಟೆ ಹೊಡೆಯುವ ಕ್ಷಣದಲ್ಲಿ ಕಿಹೇ ಕ್ಲಾರ್ಕ್ ಎಂಬ ಚೋಟುದ್ದದ ಹುಡುಗ ದೂರದಿಂದ ಎಸೆದ ಚೆಂಡನ್ನು ಮಮಾಡಿ ಡಿಯಾಕಿಟೆ ಬುಟ್ಟಿಗೆ ಹಾಕಿ ಸಮ ಮಾಡಿದ. ಹೆಚ್ಚುವರಿ ಆಟದಲ್ಲಿ 80–75. ಮುಂದೆ ಆಬರ್ನ್ ವಿರುದ್ಧ ಎರಡು ಅಂಕ ಹಿಂದೆ, ಉಳಿದದ್ದು 0.6 ಸೆಕೆಂಡ್. ಅದೇ ಕೈಲ್ ಗೈಗೆ ಮೂರು ಫ್ರೀ ಥ್ರೋ ಸಿಕ್ಕಿತು. ಬೆದರಿಕೆ ಪತ್ರ ತಿಂದಿದ್ದ ಹುಡುಗ ಮೂರನ್ನೂ ಹಾಕಿದ. 63–62.

ಏಪ್ರಿಲ್ 8ರಂದು ಮಿನ್ನಿಯಾಪೊಲಿಸ್‌ನಲ್ಲಿ ಕೊನೆಯ ಪಂದ್ಯ, ಟೆಕ್ಸಾಸ್ ಟೆಕ್ ಎದುರಾಳಿ. ಅದೂ ಕಾವಲಿಗೇ ಹೆಸರಾದ ತಂಡ. ಇನ್ನೇನು ಸೋತರು ಅನ್ನುವಾಗ ಗೆರೆಯಾಚೆಯಿಂದ ಎಸೆದು ಸಮ ಮಾಡಿದವನು ಯಾರು? ಹಿಂದಿನ ವರ್ಷ ಮಣಿಕಟ್ಟು ಮುರಿದುಕೊಂಡು ಕೂತಿದ್ದ ಹಂಟರ್. ಅವನದು ಅವತ್ತು 27 ಅಂಕ. ಹೆಚ್ಚುವರಿ ಐದು ನಿಮಿಷದಲ್ಲಿ ಸಿಕ್ಕ 12 ಫ್ರೀ ಥ್ರೋಗಳಲ್ಲಿ ಒಂದೂ ತಪ್ಪಲಿಲ್ಲ. 85–77. ವರ್ಜೀನಿಯಾಕ್ಕೆ ಅದು ಮೊಟ್ಟಮೊದಲ ಚಾಂಪಿಯನ್ ಪಟ್ಟ. ಕೊನೆಯ ಸುತ್ತುಗಳ ಶ್ರೇಷ್ಠ ಆಟಗಾರ ಅಂತ ಆರಿಸಿದ್ದು ಕೈಲ್ ಗೈಯನ್ನ.

ಯಾರ ವಾದ ಗೆದ್ದಿತು?

ಬೆನೆಟ್ ಕಾವಲು ಬಿಡಲಿಲ್ಲ. 2019ರಲ್ಲೂ ಅತಿ ಕಡಿಮೆ ಅಂಕ ಬಿಟ್ಟುಕೊಟ್ಟದ್ದು ಅವರ ತಂಡವೇ. ಆದರೆ ಗುರಿಯನ್ನು ತಿದ್ದಿದರು. ಆ ವರ್ಷ ಗೆರೆಯಾಚೆಯಿಂದ ಎಸೆದದ್ದರಲ್ಲಿ ನೂರಕ್ಕೆ 39ಕ್ಕಿಂತ ಹೆಚ್ಚು ಬಿದ್ದಿವೆ. ಬೆಂಚನ್ನೂ ತುಂಬಿಸಿಕೊಂಡರು. ಬೇರೆ ಕಾಲೇಜಿನಿಂದ ಬಂದು ಸೇರಿದ ಬ್ರಾಕ್ಸ್‌ಟನ್ ಕೀ ಕೊನೆಯ ಪಂದ್ಯದಲ್ಲಿ ಬೆಂಚಿನಿಂದ ಇಳಿದು ಬಹಳ ಹೊತ್ತು ಆಡಿದ.

ನಾನು ಕಡಲೆಕಾಯಿ ಬೆಳೆಯೋನು. ನನಗೆ ಇದು ಹೀಗೆ ಕಾಣುತ್ತೆ. ಗುರಿ ಅನ್ನೋದು ಮಳೆ. ಬಂದ ದಿನ ಬಂತು, ಇಲ್ಲದ ದಿನ ಇಲ್ಲ. ಕಾವಲು ಅನ್ನೋದು ಹೊಲದ ಬದು. ಅದು ನಮ್ಮ ಕೈಲಿರೋದು, ದಿನಾ ದುಡಿದರೆ ದಿನಾ ಇರುತ್ತೆ. ಬೆಂಚು ಅನ್ನೋದು ಎತ್ತಿಟ್ಟ ಬಿತ್ತನೆ ಬೀಜ. ಮೊದಲ ಬಿತ್ತನೆ ಒಣಗಿದಾಗಲೇ ಅದರ ಬೆಲೆ ಗೊತ್ತಾಗೋದು. ಬದು ಇದ್ದರೆ ಬಂದ ಮಳೆ ನಿಲ್ಲುತ್ತೆ, ಬದುವೇ ಮಳೆ ತರೋದಿಲ್ಲ. 2018ರಲ್ಲಿ ಬದು ಇತ್ತು, ಮಳೆ ಇರಲಿಲ್ಲ, ಬೀಜವೂ ಇರಲಿಲ್ಲ. ಮೂರು ಗುಂಪಿನವರೂ ಹೇಳಿದ್ದು ನಿಜ, ಆದರೆ ಒಬ್ಬೊಬ್ಬರೂ ಮೂರರಲ್ಲಿ ಒಂದನ್ನೇ ಹಿಡಿದು ಇಡೀ ಬೇಸಾಯ ಅಂದರು.

ಇನ್ನೂ ಒಂದು. ಪಟ್ಟ ಗೆದ್ದರೆ ವಾದ ಮುಗಿಯುತ್ತೆ ಅಂದುಕೊಳ್ಳಬೇಡಿ. 2019ರ ನಂತರ ಬೆನೆಟ್ ಅವರ ತಂಡ ಮಾರ್ಚ್ ಪಂದ್ಯಾವಳಿಯಲ್ಲಿ ಇನ್ನೊಂದು ಪಂದ್ಯ ಗೆಲ್ಲಲಿಲ್ಲ. 2024ರಲ್ಲಿ ಕೊಲರಾಡೊ ಸ್ಟೇಟ್ ಎದುರು ಬರೀ 42 ಅಂಕ ಮಾಡಿ ಸೋತಾಗ, ನಿಧಾನದ ಆಟ ಸಾಕು ಅನ್ನೋ ಹಳೇ ರಾಗ ಮತ್ತೆ ಎದ್ದಿತು. ಅದೇ ವರ್ಷ ಅಕ್ಟೋಬರಿನಲ್ಲಿ ಬೆನೆಟ್ ನಿವೃತ್ತರಾದರು. 2025ರಲ್ಲಿ ಅವರ ಜಾಗಕ್ಕೆ ವರ್ಜೀನಿಯಾದವರು ಹುಡುಕಿ ತಂದದ್ದು ಯಾರನ್ನ? ರಯಾನ್ ಓಡಮ್ ಅವರನ್ನ. 2018ರ ಆ ರಾತ್ರಿ ಎದುರು ಬೆಂಚಿನಲ್ಲಿ ಕೂತು ಯು.ಎಂ.ಬಿ.ಸಿ.ಯನ್ನು ಗೆಲ್ಲಿಸಿದ ಕೋಚ್ ಅವರೇ! ಸೋಲಿಸಿದವನ ಕೈಗೇ ಮನೆ ಬೀಗ ಕೊಟ್ಟು, ಬಾಪ್ಪಾ ನಮಗೂ ಕಲಿಸು ಅನ್ನೋದು ದೊಡ್ಡ ಮನಸ್ಸು.

ನಮ್ಮ ಊರುಗಳಲ್ಲಿ ಮುಂದಿನ ಜಾತ್ರೆಗೂ ಕಬಡ್ಡಿ ಇರುತ್ತೆ, ವಾಲಿಬಾಲ್ ಇರುತ್ತೆ. ವಾದ ಮಾಡೋಣ, ಬೆಳಗಾಗುವವರೆಗೂ ಮಾಡೋಣ, ಅದಿಲ್ಲದೆ ಆಟಕ್ಕೆ ರುಚಿಯಿಲ್ಲ. ಆದರೆ ಸೋತ ಹುಡುಗ ಕಟ್ಟೆ ಮುಂದೆ ಹಾದು ಹೋಗುವಾಗ ಮಾತ್ರ ಬಾಯಿ ಬಿಗಿ ಹಿಡಿಯೋಣ. ಮುಂದಿನ ವರ್ಷ ಕೊನೇ ರೈಡಿಗೆ ಇಳಿಯೋನು ಅವನೇ ಆಗಿರಬಹುದು.